ಕುಂಸಿಯ ಕಲ್ಲಿನಲ್ಲಿ ಎಣ್ಣೆ ಏಕಿಲ್ಲ?

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಕುಂಸಿ ಭೂವಿಜ್ಞಾನಿಗಳಿಗೆ ಬಹುಕಾಲದಿಂದ ಪರಿಚಿತವಾದ ಊರು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇಲ್ಲಿನ ಗುಡ್ಡಗಳನ್ನು ಅಗೆದು ಮ್ಯಾಂಗನೀಸ್ ಅದಿರನ್ನು ತೆಗೆಯಲಾಯಿತು. ಇತ್ತ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರು. ಲೋಹದ ವಿಷಯದಲ್ಲಿ ಇಷ್ಟು ಉದಾರಿಯಾದ ಈ ನೆಲ ಇಂಧನದ ವಿಷಯದಲ್ಲಿ ಮಾತ್ರ ಕಡುಜಿಪುಣ. ಕಲ್ಲಿದ್ದಲೂ ಇಲ್ಲ, ಎಣ್ಣೆಯೂ ಇಲ್ಲ.

ಈ ಕೊರತೆಗೆ ಬೆಲೆ ತೆತ್ತದ್ದು ಮಲೆನಾಡಿನ ಕಾಡು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದರ ಊದುಕುಲುಮೆ ಉರಿದದ್ದು ಇದ್ದಿಲಿನಿಂದ. ಇದ್ದಿಲಿಗಾಗಿ ಮರಗಳು ಉರುಳಿದವು. 1948ರಲ್ಲಿ ಜೋಗದ ವಿದ್ಯುತ್ತು ಹರಿಯತೊಡಗಿದ ಮೇಲೆ ಕಾರ್ಖಾನೆಗೆ ವಿದ್ಯುತ್ ಕುಲುಮೆಗಳು ಬಂದವು. ಹಾಗಾದರೆ ಈ ನೆಲದಡಿ ಇಂಧನ ಏಕೆ ಕೂಡಿಬರಲಿಲ್ಲ? ಉತ್ತರ ಕಲ್ಲಿನ ವಯಸ್ಸಿನಲ್ಲಿದೆ.

ಎಣ್ಣೆ ಹುಟ್ಟುವುದು ಜಲಜಶಿಲೆಗಳಲ್ಲಿ. ಸಮುದ್ರ, ಸರೋವರಗಳ ತಳದಲ್ಲಿ ಕೆಸರಿನೊಡನೆ ಹೂತುಹೋದ ಸೂಕ್ಷ್ಮಜೀವಿಗಳ ಅವಶೇಷ, ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಲಕ್ಷಾಂತರ ವರ್ಷ ಬೆಂದು ಎಣ್ಣೆಯಾಗುತ್ತದೆ. ಬಿಸಿ ಕಡಿಮೆಯಾದರೆ ಎಣ್ಣೆ ಹುಟ್ಟದು. ಹೆಚ್ಚಾದರೆ ಅನಿಲವಾಗುತ್ತದೆ, ಇನ್ನೂ ಹೆಚ್ಚಾದರೆ ಬರಿಯ ಇಂಗಾಲ ಉಳಿಯುತ್ತದೆ. ಹುಟ್ಟಿದ ಎಣ್ಣೆ ನಿಲ್ಲಲು ರಂಧ್ರಗಳಿರುವ ಕಲ್ಲು ಬೇಕು. ಅದು ಮೇಲಕ್ಕೆ ಸೋರಿಹೋಗದಂತೆ ಮುಚ್ಚಳದಂಥ ಇನ್ನೊಂದು ಕಲ್ಲೂ ಬೇಕು.

ಕುಂಸಿಯ ಸುತ್ತಲಿನ ಧಾರವಾಡ ಶಿಲೆಗಳಲ್ಲೂ ಒಂದು ಕಾಲದ ಕಡಲಿನ ಕೆಸರಿದೆ, ಜ್ವಾಲಾಮುಖಿಗಳು ಕಾರಿದ ಲಾವಾ ಇದೆ. ಆದರೆ ಅವುಗಳ ವಯಸ್ಸು ಸುಮಾರು 260 ಕೋಟಿ ವರ್ಷ. ಅಂದಿನಿಂದ ಅವು ಭೂಗರ್ಭದಲ್ಲಿ ಮಡಿಚಿ, ಕಾದು, ರೂಪಾಂತರಗೊಂಡಿವೆ. ಅವುಗಳಲ್ಲಿದ್ದ ಜೈವಿಕ ಇಂಗಾಲ ಎಣ್ಣೆಯ ಹಂತವನ್ನು ಎಂದೋ ದಾಟಿ ಹೋಗಿದೆ.

ಉತ್ತರ ಕರ್ನಾಟಕದ ಕಥೆ ಬೇರೆ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಪ್ಪು ಮಣ್ಣಿನಡಿ ಇರುವುದು ಡೆಕ್ಕನ್ ಟ್ರ್ಯಾಪ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಪದರಪದರವಾಗಿ ಗಟ್ಟಿಯಾಗಿ ಉಂಟಾದ ಕಲ್ಲು ಇದು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದು ಕುಳಿತಿದೆ.

ಎಣ್ಣೆ ಹುಡುಕುವವರಿಗೆ ಈ ಹೊದಿಕೆ ದೊಡ್ಡ ತಲೆನೋವು. ಸಾಮಾನ್ಯವಾಗಿ ನೆಲದಾಳಕ್ಕೆ ಕಂಪನದ ಅಲೆಗಳನ್ನು ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಒಳಗಿನ ಪದರಗಳ ಚಿತ್ರ ಬಿಡಿಸುತ್ತಾರೆ. ಗಟ್ಟಿಯಾದ ಬಸಾಲ್ಟು ಆ ಅಲೆಗಳ ಬಹುಭಾಗವನ್ನು ಹಿಂದಕ್ಕೆ ತಳ್ಳುತ್ತದೆ, ಚೆದುರಿಸುತ್ತದೆ. ಅದರ ಕೆಳಗೆ ಜಲಜಶಿಲೆ ಇದ್ದರೂ ಚಿತ್ರ ಮಸುಕು. ಕೊನೆಗೆ ಕೊರೆದೇ ನೋಡಬೇಕು. ಹಾಗೆ ಕೊರೆದಾಗ ಒಂದೊಂದು ಕಡೆ ಒಂದೊಂದು ಉತ್ತರ ಬಂದಿದೆ. 1993ರ ಭೂಕಂಪದ ನಂತರ ಬೀದರದ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಕೊರೆದಾಗ, 338 ಮೀಟರ್ ಬಸಾಲ್ಟಿನ ಕೆಳಗೆ ಸಿಕ್ಕ ಜಲಜಶಿಲೆ ಕೆಲವೇ ಮೀಟರ್. ಅದರಡಿ ಪುರಾತನ ಗ್ರಾನೈಟ್ ನೈಸ್. ಕೊಯ್ನಾದಲ್ಲಿ 900 ಮೀಟರಿಗೂ ಹೆಚ್ಚು ದಪ್ಪದ ಬಸಾಲ್ಟಿನ ಕೆಳಗೆ ನೇರವಾಗಿ ಗ್ರಾನೈಟೇ ಎದುರಾಯಿತು. ಸೌರಾಷ್ಟ್ರದ ಲೋಧಿಕಾದಲ್ಲಿ ಮಾತ್ರ ಕೊರೆತ ಟ್ರ್ಯಾಪನ್ನು ದಾಟಿ ಹಳೆಯ ಜಲಜಶಿಲೆಗಳನ್ನು ಮುಟ್ಟಿತು.

ಹಾಗೆಂದು ಲಾವಾ ಎಣ್ಣೆಗೆ ಯಾವಾಗಲೂ ಶತ್ರುವಲ್ಲ. 1958ರಲ್ಲಿ ಖಂಭಾತದ ಬಳಿಯ ಲುನೇಜ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕಿ ಸ್ವತಂತ್ರ ಭಾರತದ ತೈಲಶೋಧನೆಗೆ ಧೈರ್ಯ ಬಂದಿತಷ್ಟೆ. ಆ ಇಡೀ ಪ್ರದೇಶಕ್ಕೆ ಡೆಕ್ಕನ್ ಟ್ರ್ಯಾಪೇ ನೆಲಗಟ್ಟು. ಲಾವಾ ತಣ್ಣಗಾದ ಮೇಲೆ ಕುಸಿದ ತಗ್ಗಿನಲ್ಲಿ ಕೆಸರು ತುಂಬಿ ಅಲ್ಲಿ ಎಣ್ಣೆ ಹುಟ್ಟಿತು. ವಡೋದರದ ಸಮೀಪದ ಪಾದ್ರಾದಲ್ಲಂತೂ ಬಿರುಕುಬಿಟ್ಟ ಟ್ರ್ಯಾಪಿನ ಒಳಗೇ ಎಣ್ಣೆ ಸೇರಿಕೊಂಡಿದೆ. ರಾಜಸ್ಥಾನದ ಬಾಡಮೇರ್ ಜಿಲ್ಲೆಯ ರಾಗೇಶ್ವರಿಯಲ್ಲಿ ಜ್ವಾಲಾಮುಖಿ ಶಿಲೆಗಳಿಂದಲೇ ಅನಿಲ ತೆಗೆಯಲಾಗುತ್ತದೆ. ಜಪಾನಿನ ನಾಗಾವೋಕದಲ್ಲೂ ಹೀಗೆಯೇ. ಕಲ್ಲಿನ ಜಾತಿಗಿಂತ ಅದು ಬಂದ ಹೊತ್ತು, ಕುಳಿತ ಜಾಗ ಮುಖ್ಯ ಎಂಬುದು ಇದರ ಪಾಠ. ಲಾವಾ ಎಣ್ಣೆಯ ಗಡಿಗೆಯ ತಳವಾಗಬಲ್ಲದು, ಮುಚ್ಚಳವೂ ಆಗಬಲ್ಲದು. ಒಳಗಿನದನ್ನು ಸೀಯಿಸುವ ಬೆಂಕಿಯೂ ಆಗಬಲ್ಲದು.

ಕರ್ನಾಟಕದ ಹಳೆಯ ಕಲ್ಲು ಎಣ್ಣೆ ಕೊಡದಿದ್ದರೂ ಅದನ್ನು ಕಾಯುವ ಕೆಲಸ ಮಾಡುತ್ತಿದೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆಗಳನ್ನು ಗಟ್ಟಿಶಿಲೆಯಲ್ಲಿ ಕೊರೆಯಲಾಗಿದೆ. ಸುತ್ತಲಿನ ಅಂತರ್ಜಲದ ಒತ್ತಡ ಎಣ್ಣೆ ಹೊರಗೆ ಸೋರದಂತೆ ತಡೆಯುತ್ತದೆ. ಹಡಗುಗಳು ಬರದ ಕಷ್ಟಕಾಲಕ್ಕೆಂದು ದೇಶ ಕಟ್ಟಿಕೊಂಡ ಬುತ್ತಿ ಅದು. ಒಂದು ಕಾಲಕ್ಕೆ ಉರುವಲಿಲ್ಲದೆ ಕಾಡನ್ನೇ ಸುಟ್ಟ ನಾಡಿಗೆ, ಉರುವಲನ್ನು ಕೂಡಿಟ್ಟುಕೊಳ್ಳುವುದರ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.