ನೀರಗಂಟಿಯ ಲೆಕ್ಕ

ಹೊಸದುರ್ಗ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಮಾಡದಕೆರೆಯೂ ಒಂದು. ಕೆರೆಯನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡ ಊರದು. ನೆರೆಯ ಹೊಳಲ್ಕೆರೆಯೂ ಹಾಗೆಯೇ. ಮಳೆಯನ್ನು ನೆಚ್ಚಲಾಗದ ಚಿತ್ರದುರ್ಗದ ಸೀಮೆಯಲ್ಲಿ ಜನ ತಮ್ಮ ನೆಲೆಯನ್ನು ನೀರಿನಿಂದ ಗುರುತಿಸಿಕೊಂಡದ್ದು ಸಹಜವೇ. ಇಂಥ ಊರುಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಒಂದು ಹಳೆಯ ಮಾತನ್ನು ಹಿಡಿದು ನಾಲ್ಕು ವಿಚಾರಗಳನ್ನು ಹೇಳಬೇಕೆಂದಿದ್ದೇನೆ. ಆ ಮಾತು ‘ನೀರಗಂಟಿ’.

ಗ್ರಾಮ ಪಂಚಾಯಿತಿಯ ಪರವಾಗಿ ಮೋಟಾರು ಹಾಕಿ, ವಾಲ್ವು ತಿರುಗಿಸಿ ಬೀದಿಬೀದಿಗೆ ನೀರು ಬಿಡುವವನು ಇಂದಿನ ನೀರಗಂಟಿ. ಹಿಂದಿನ ನೀರಗಂಟಿಯ ಕೆಲಸ ಕೆರೆಯ ಏರಿಯ ಮೇಲೆ. ತೂಬು ಎತ್ತುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಾಯಿಸುವುದು, ಜಡಿಮಳೆಯ ರಾತ್ರಿಗಳಲ್ಲಿ ಕೋಡಿಯನ್ನು ಕಾಯುವುದು, ಇವೆಲ್ಲ ಅವನ ಹೊಣೆ. ಪಟೇಲ, ಶಾನುಭೋಗ, ತಳವಾರರಂತೆ ಅವನೂ ಊರಿನ ಆಯಗಾರರಲ್ಲಿ ಒಬ್ಬ.

ಆಯವೆಂದರೆ ಸುಗ್ಗಿಯ ಕಣದಲ್ಲಿ ರಾಶಿಯಿಂದ ಅಳೆದು ಕೊಡುತ್ತಿದ್ದ ಧಾನ್ಯದ ಪಾಲು. ಈ ಏರ್ಪಾಡಿನ ಒಳಗುಟ್ಟನ್ನು ನಾವು ಗಮನಿಸಬೇಕು. ನೀರು ತಪ್ಪಿದರೆ ಪೈರು ಬಾಡುತ್ತದೆ; ಪೈರು ಬಾಡಿದರೆ ರಾಶಿ ಕುಗ್ಗುತ್ತದೆ; ರಾಶಿಯೊಡನೆ ನೀರಗಂಟಿಯ ಪಾಲೂ ಕುಗ್ಗುತ್ತದೆ. ವರ್ಷವಿಡೀ ಮಾಡಿದ ಕೆಲಸದ ಲೆಕ್ಕ ಕಣದಲ್ಲಿ, ನೀರುಂಡ ರೈತರ ಎದುರಿನಲ್ಲಿಯೇ ತೀರುತ್ತಿತ್ತು. ದೂರು ಕೊಡಲು ಯಾರೂ ತಾಲ್ಲೂಕು ಕಛೇರಿಯವರೆಗೆ ನಡೆಯಬೇಕಾಗಿರಲಿಲ್ಲ.

ಹೀಗೆಂದ ಮಾತ್ರಕ್ಕೆ ಆ ಕಾಲವನ್ನು ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ನೀರಗಂಟಿಯ ಕೆಲಸ ಹುಟ್ಟಿನಿಂದ ಬರುತ್ತಿತ್ತು; ಬೇಡವೆನ್ನುವ ಸ್ವಾತಂತ್ರ್ಯ ಅವನಿಗೆ ಎಲ್ಲಿತ್ತು? ಗದ್ದೆಗೆ ನ್ಯಾಯವಾಗಿ ನೀರು ಹಂಚಿದ ಊರುಗಳೇ ಕುಡಿಯುವ ನೀರಿನ ಬಾವಿಯಿಂದ ದಲಿತರನ್ನು ದೂರವಿರಿಸಿದವು. ಕಣದಲ್ಲಿ ಲೆಕ್ಕ ಕೇಳುವ ಹಕ್ಕು ಭೂಮಿಯಿದ್ದವರದು. ಕೊಡ ಹೊತ್ತು ನೀರು ತರುತ್ತಿದ್ದ ಹೆಂಗಸನ್ನು ಆ ಲೆಕ್ಕಕ್ಕೆ ಯಾರೂ ಕರೆಯಲಿಲ್ಲ.

ಆದ್ದರಿಂದ ಬದಲಾವಣೆ ಬೇಕಾಗಿಯೇ ಇತ್ತು. ಅದು ಬಂದದ್ದು ಹಂತಹಂತವಾಗಿ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಿತು. ಕೆರೆಗಳ ಮೇಲ್ವಿಚಾರಣೆ ಇಲಾಖೆಗಳ ಕಡತಗಳನ್ನು ಸೇರಿತು. 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೆ ಕೊಳವೆಬಾವಿಗಳನ್ನು ಒದಗಿಸಿ ‘ನೀರ್ ಸಾಬ್’ ಎಂದೇ ಮನೆಮಾತಾದರು. ಅವರು ಶ್ರಮಿಸಿ ರೂಪಿಸಿದ ವ್ಯವಸ್ಥೆಯಡಿ 1987ರಲ್ಲಿ ಚುನಾಯಿತ ಮಂಡಲ ಪಂಚಾಯಿತಿಗಳು ಬಂದವು. 1993ರ ಕಾಯಿದೆ ಅವುಗಳ ಜಾಗದಲ್ಲಿ ಗ್ರಾಮ ಪಂಚಾಯಿತಿಗಳನ್ನು ತಂದಿತು. ಹಳೆಯ ಹುದ್ದೆ ಅಳಿದರೂ ಹೆಸರು ಅಳಿಯಲಿಲ್ಲ. ಏರಿಯಿಂದ ಇಳಿದು ಪಂಪಿನ ಮನೆಗೆ ಬಂದು ನಿಂತಿತು.

ಆದರೆ ಹೆಸರಿನೊಡನೆ ಲೆಕ್ಕವೂ ಬಂದಿತೆ? ಇಂದಿನ ನೀರಗಂಟಿಗೆ ಸಂಬಳ ಪಂಚಾಯಿತಿಯಿಂದ ಬರುತ್ತದೆ. ವಿದ್ಯುತ್ತು ಬೇರೊಬ್ಬರ ಕೈಯಲ್ಲಿದೆ. ಕೊಳವೆಬಾವಿಯ ಆಳದಲ್ಲಿರುವ ನೀರು ಯಾರ ಕಣ್ಣಿಗೂ ಕಾಣದು. ಕೆರೆಯಾದರೆ ಬತ್ತುವುದನ್ನು ಊರೇ ನೋಡುತ್ತಿತ್ತು. ನಲ್ಲಿ ನಿಂತ ದಿನವೇ ನಮಗೆ ಸುದ್ದಿ ತಿಳಿಯುತ್ತದೆ. ಆಗ ಬೈಗುಳ ತಿನ್ನುವವನು ವಾಲ್ವಿನ ಬಳಿ ನಿಂತವನೊಬ್ಬನೇ.

2019ರ ಆಗಸ್ಟ್ 15ರಂದು ಘೋಷಿತವಾದ ಜಲ ಜೀವನ್ ಮಿಷನ್ ಪ್ರತಿ ಮನೆಗೂ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ನೀರು ಎಂಬ ಗುರಿಯನ್ನು ಇಟ್ಟುಕೊಂಡಿತು. ಅದರ ಮಾರ್ಗಸೂಚಿಯಲ್ಲಿ ನಲ್ಲಿಗಿಂತ ನನ್ನ ಗಮನ ಸೆಳೆದದ್ದು ಊರಿನವರ ಸಮಿತಿ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಹತ್ತರಿಂದ ಹದಿನೈದು ಮಂದಿ ಇರಬೇಕು. ಅವರಲ್ಲಿ ಅರ್ಧದಷ್ಟು ಮಹಿಳೆಯರು. ದುರ್ಬಲ ವರ್ಗದವರಿಗೂ ಅದರಲ್ಲಿ ಸ್ಥಾನ. ಹಳೆಯ ಕಣದಲ್ಲಿ ದನಿಯಿಲ್ಲದವರೆಲ್ಲ ಇಲ್ಲಿ ಕುಳಿತುಕೊಳ್ಳಬಹುದು. ಇದು ಸಣ್ಣ ಮಾತಲ್ಲ.

ಆದರೆ ಸಹಿ ಮಾಡಿ ಎದ್ದುಹೋಗುವ ಸಮಿತಿಯಿಂದ ಪ್ರಯೋಜನವಿಲ್ಲ. ಈ ತಿಂಗಳು ಎಷ್ಟು ದಿನ ನೀರು ಬಂತು, ಯಾವ ಬೀದಿಗೆ ಬರಲಿಲ್ಲ, ನೀರಿನ ಪರೀಕ್ಷೆಯಲ್ಲಿ ಫ್ಲೋರೈಡ್ ಎಷ್ಟೆಂದು ಕಂಡಿತು, ನೀರಗಂಟಿಗೆ ಸಂಬಳ ಸಂದಿತೆ, ಇಷ್ಟನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಕಣದ ಲೆಕ್ಕ ಮತ್ತೆ ಊರಿಗೆ ಬಂದಂತೆ. ಅಂದು ಆ ಲೆಕ್ಕ ಕೇಳಿದವರು ಗದ್ದೆಯಿದ್ದವರು. ಇಂದು ಅದನ್ನು ಕೇಳಲು ಮನೆಯಲ್ಲೊಂದು ಖಾಲಿ ಕೊಡವಿದ್ದರೆ ಸಾಕು.