ಓಟ ನಿಂತ ಮೇಲೆ ಇಳಿಯುವ ಬಿಪಿ

ಇಟಲಿಯ ವೈದ್ಯ ರಿವಾ-ರೊಚ್ಚಿ ತೋಳಿಗೆ ಗಾಳಿಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಉಪಕರಣವನ್ನು 1896ರಲ್ಲಿ ರೂಪಿಸಿದರು. ಎರಡೇ ವರ್ಷದಲ್ಲಿ ಇಂಗ್ಲೆಂಡಿನ ಲಿಯೊನಾರ್ಡ್ ಹಿಲ್ 400 ಗಜದ ಬಿರುಸಿನ ಓಟದ ನಂತರದ ಒತ್ತಡವನ್ನು ಅಳೆದು ದಾಖಲಿಸಿದರು. ಓಡುವಾಗ ಏರಿದ ಒತ್ತಡ ಮೊದಲಿದ್ದ ಮಟ್ಟಕ್ಕೆ ಬಂದು ನಿಲ್ಲಲಿಲ್ಲ. ಅದಕ್ಕಿಂತ ಕೆಳಗಿಳಿದು ಸುಮಾರು ಒಂದೂವರೆ ಗಂಟೆ ಹಾಗೇ ಉಳಿಯಿತು. ಈ ಕ್ಷೇತ್ರದ ಮೊದಲ ದಾಖಲೆಯೇ ಚಿಕ್ಕ, ತೀವ್ರ ಓಟದ್ದು ಎಂಬುದು ನನಗೆ ಮಹತ್ವದ್ದೆನಿಸುತ್ತದೆ. ಏಕೆಂದರೆ ಮುಂದೆ ಬಹುಕಾಲ ಸಂಶೋಧಕರ ಗಮನವೆಲ್ಲ ನಿಧಾನದ, ನಿರಂತರ ವ್ಯಾಯಾಮದ ಮೇಲೇ ನಿಂತಿತು.

ಬಿರುಸು ಓಟ, ನಡುವೆ ಬಿಡುವು, ಮತ್ತೆ ಓಟ ಎಂಬ ಇಂಟರ್ವಲ್ ಪದ್ಧತಿ ಬೆಳೆದದ್ದು ಆಸ್ಪತ್ರೆಯಲ್ಲಲ್ಲ, ಮೈದಾನದಲ್ಲಿ. 1930ರ ದಶಕದಲ್ಲಿ ಜರ್ಮನಿಯ ಕೋಚ್ ಗೆರ್ಶ್ಲರ್ ಮತ್ತು ಹೃದ್ರೋಗತಜ್ಞ ರೈಂಡೆಲ್ ನಾಡಿಬಡಿತ ನೋಡಿ ಬಿಡುವಿನ ಅವಧಿ ಗೊತ್ತುಮಾಡುತ್ತಿದ್ದರು. ಅವರ ಶಿಷ್ಯ ಹಾರ್ಬಿಗ್ 1939ರಲ್ಲಿ 800 ಮೀಟರ್ ಓಟದ ವಿಶ್ವದಾಖಲೆ ಮುರಿದ. ಆದರೆ ಬಿಪಿ ಇರುವವರಿಗೆ ಇಂಥ ಓಟ ಹೇಳುವ ಧೈರ್ಯ ವೈದ್ಯರಿಗೆ ಬರಲು ಇನ್ನೂ ಹಲವು ದಶಕಗಳು ಬೇಕಾದವು.

1981ರಲ್ಲಿ ಫಿಟ್ಸ್‌ಜೆರಾಲ್ಡ್ ಎಂಬವರು ಜಾಗಿಂಗ್ ಮುಗಿಸಿದ ಮೇಲೆ ತಮ್ಮದೇ ಬಿಪಿ ಗಂಟೆಗಟ್ಟಲೆ ಕಡಿಮೆ ಇರುವುದನ್ನು ವರದಿ ಮಾಡಿದ ಮೇಲೆ ವ್ಯಾಯಾಮದ ನಂತರದ ಇಳಿಕೆಯ ವಿಷಯಕ್ಕೆ ಹೊಸ ಜೀವ ಬಂತು. 1993ರಲ್ಲಿ ಕೆನ್ನಿ ಮತ್ತು ಸೀಲ್ಸ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಬಿಪಿ ಇರುವವರಲ್ಲಿ ಮೇಲಿನ ಅಂಕಿ 18–20ರಷ್ಟು, ಇಲ್ಲದವರಲ್ಲಿ 8–10ರಷ್ಟು ಇಳಿಯುತ್ತದೆಂದು ಅವರು ಕಂಡರು. ಒತ್ತಡ ಹೆಚ್ಚಿರುವವರಿಗೇ ಲಾಭ ಹೆಚ್ಚು!

ಇಳಿಯುವುದೇಕೆ? ಉತ್ತರ ಎರಡು ಕಡೆಯಿಂದ ಬಂತು. ಒತ್ತಡವನ್ನು ಕಾಯುವ ನರವ್ಯವಸ್ಥೆ ವ್ಯಾಯಾಮದ ನಂತರ ತನ್ನ ಗುರಿಯನ್ನೇ ಕೆಳಗಿಳಿಸಿಕೊಳ್ಳುತ್ತದೆ, ರಕ್ತನಾಳಗಳನ್ನು ಬಿಗಿಯುವ ನರಗಳ ಸಂದೇಶ ತಗ್ಗುತ್ತದೆ. ಜೊತೆಗೆ ದುಡಿದ ಸ್ನಾಯುಗಳ ರಕ್ತನಾಳಗಳು ಸಡಿಲವಾಗಿಯೇ ಇರುತ್ತವೆ. ಈ ಸಡಿಲಿಕೆಯ ಹಿಂದೆ ಹಿಸ್ಟಮೈನ್ ಇದೆಯೆಂದು ಒರೆಗನ್ ವಿಶ್ವವಿದ್ಯಾಲಯದ ಹ್ಯಾಲಿವಿಲ್ ತಂಡ 2005ರ ಆಸುಪಾಸಿನಲ್ಲಿ ತೋರಿಸಿತು. ಅಲರ್ಜಿಗೆ ಕೊಡುವ ಫೆಕ್ಸೋಫೆನಡಿನ್ ಮತ್ತು ಹೊಟ್ಟೆಯುರಿಗೆ ಕೊಡುತ್ತಿದ್ದ ರಾನಿಟಿಡಿನ್ ಬಗೆಯ ಔಷಧಿಗಳಿಂದ ಹಿಸ್ಟಮೈನ್ ಗ್ರಾಹಕಗಳನ್ನು ತಡೆದಾಗ ಇಳಿಕೆ ಕುಗ್ಗಿತು. ಸೀನು, ತುರಿಕೆಗಳ ಹಿಂದಿರುವ ರಾಸಾಯನಿಕವೇ ಓಟದ ನಂತರ ರಕ್ತನಾಳ ಸಡಿಲಿಸುತ್ತದೆಂಬುದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ.

ಇಂಟರ್ವಲ್ ಪದ್ಧತಿ ಚಿಕಿತ್ಸೆಯಲ್ಲಿ ಹೆಚ್ಚು ಗಮನ ಸೆಳೆದದ್ದು 2007ರಲ್ಲಿ. ನಾರ್ವೆಯ ಟ್ರಾಂಡ್‌ಹೈಮಿನಲ್ಲಿ ವಿಸ್ಲೊಫ್ ತಂಡ ಹೃದಯ ದುರ್ಬಲವಾದ ರೋಗಿಗಳಿಗೇ ನಾಲ್ಕು ನಿಮಿಷದ ನಾಲ್ಕು ತೀವ್ರ ಸುತ್ತುಗಳನ್ನು ಮಾಡಿಸಿತು. ಅದೇ ವರ್ಷ ಜಪಾನಿನಲ್ಲಿ ನೆಮೊಟೊ ಮತ್ತು ನೋಸೆ ವಯಸ್ಸಾದವರಿಗೆ ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ ನಡಿಗೆ ಹೇಳಿಕೊಟ್ಟಾಗ ನಿರಂತರ ನಡೆದವರಿಗಿಂತ ಅವರ ಬಿಪಿ ಹೆಚ್ಚು ಇಳಿಯಿತು. 2012ರಲ್ಲಿ ನಾರ್ವೆಯ ಒಂದು ತಂಡ ಬಿಪಿ ಇರುವವರಿಗೆ 12 ವಾರ ತರಬೇತಿ ಕೊಟ್ಟು ಅವರ ಒತ್ತಡವನ್ನು ದಿನವಿಡೀ ಅಳೆಯಿತು. ಇಂಟರ್ವಲ್ ಗುಂಪಿನಲ್ಲಿ ಮೇಲಿನ ಅಂಕಿ 12, ಸಾಧಾರಣ ವೇಗದ ಗುಂಪಿನಲ್ಲಿ 4.5 ಇಳಿದಿತ್ತು.

ಇಷ್ಟರಿಂದ ಇಂಟರ್ವಲ್ಲೇ ಮೇಲೆಂದು ಸಾರುವುದು ಆತುರವಾದೀತು. 2023ರಲ್ಲಿ 270 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ವಾರಗಟ್ಟಲೆಯ ತರಬೇತಿಯಿಂದ ಮೇಲಿನ ಅಂಕಿಯಲ್ಲಿ ಬಂದ ಇಳಿಕೆ ಇಂಟರ್ವಲ್‌ಗೆ 4.08, ನಿರಂತರ ಏರೋಬಿಕ್ ವ್ಯಾಯಾಮಕ್ಕೆ 4.49. ಬಹುತೇಕ ಸಮ. ಇಂಟರ್ವಲ್‌ನ ನಿಜವಾದ ಗೆಲುವು ಸಮಯದಲ್ಲಿದೆ ಎಂದು ನನ್ನ ತೀರ್ಮಾನ: ಕಡಿಮೆ ಹೊತ್ತಿನಲ್ಲಿ ಅಷ್ಟೇ ಫಲ.

ಅಪಾಯದ ಮಾತು ಬಿಡುವಂತಿಲ್ಲ. ತೀವ್ರ ಸುತ್ತು ಮುಗಿದೊಡನೆ ಥಟ್ಟನೆ ನಿಂತರೆ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವುದು ನಿಲ್ಲುತ್ತದೆ, ಹಿಗ್ಗಿದ ನಾಳಗಳಲ್ಲಿ ರಕ್ತ ತಂಗಿ ತಲೆಸುತ್ತು ಬರುತ್ತದೆ. ಹಾಗಾಗಿ ಕೆಲವು ನಿಮಿಷ ನಡೆದೇ ನಿಲ್ಲಬೇಕು. ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

ಈಗ ಕುತೂಹಲ ಕೆರಳಿಸಿರುವುದು ಮೊದಲ ದಿನದ ಇಳಿಕೆ. 2012ರಲ್ಲಿ ಕೆನಡಾದ ಸಂಶೋಧಕರು ಎಂಟು ವಾರದ ನಡಿಗೆ-ಜಾಗಿಂಗ್ ಮಾಡಿಸಿ, ಮೊದಲ ವ್ಯಾಯಾಮದ ನಂತರ ಯಾರ ಬಿಪಿ ಹೆಚ್ಚು ಇಳಿದಿತ್ತೋ ಅವರ ಬಿಪಿಯೇ ಎಂಟು ವಾರದ ಕೊನೆಗೂ ಹೆಚ್ಚು ಇಳಿದಿದ್ದನ್ನು ಕಂಡರು. ಅದು ನಿರಂತರ ವ್ಯಾಯಾಮದ ಅಧ್ಯಯನ. ಇಂಟರ್ವಲ್ ಓಟದಲ್ಲೂ ಹೀಗೇ ಎಂದು ದೊಡ್ಡ ಪ್ರಯೋಗಗಳು ತೋರಿಸಿಕೊಟ್ಟರೆ, ಯಾರಿಗೆ ಯಾವ ಓಟ ಒಗ್ಗುತ್ತದೆಂದು ವೈದ್ಯರು ಒಂದೇ ಬೆಳಿಗ್ಗೆಯಲ್ಲಿ ಅಂದಾಜಿಸಬಹುದು.