ಗಂಡುಕೂಸಿಗೂ ಒಂದು ಗೊಂಬೆ

ನಾಗಮಂಗಲದ ದೇವಲಾಪುರವಿರಲಿ, ಬೇರೆ ಊರಿರಲಿ, ಗಂಡುಕೂಸಿಗೆ ಬುಗುರಿ, ಹೆಣ್ಣುಕೂಸಿಗೆ ಗೊಂಬೆ ಎಂದು ನಾವು ಹಂಚಿಬಿಟ್ಟಿದ್ದೇವೆ. ಹುಡುಗ ಗೊಂಬೆ ಎತ್ತಿಕೊಂಡರೆ ನಗುತ್ತೇವೆ. ಆದರೆ ಚನ್ನಪಟ್ಟಣದಲ್ಲಿ ಆಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಗೊಂಬೆ ಮಾಡುತ್ತ ಬಂದವರಲ್ಲಿ ಗಂಡಸರೇ ಬಹಳ, ಮುಸ್ಲಿಮರೂ ಅನೇಕರು. ಟಿಪ್ಪು ಸುಲ್ತಾನರ ಕಾಲದಲ್ಲಿ (1782–1799) ಪರ್ಷಿಯಾದ ಕುಶಲಕರ್ಮಿಗಳು ಈ ಕಲೆ ಕಲಿಸಿದರೆಂಬ ಪ್ರತೀತಿಯಿದೆ.

ಇನ್ನೂ ಹಿಂದಕ್ಕೆ ಹೋಗೋಣ. ಮದೀನಾದ ತಾಯಂದಿರು ಆಶೂರಾ ದಿನ ಉಪವಾಸವಿದ್ದ ಮಕ್ಕಳು ಹಸಿದು ಅತ್ತರೆ ಉಣ್ಣೆಯ ಆಟಿಕೆ ಕೊಟ್ಟು ಸಂತೈಸುತ್ತಿದ್ದರೆಂದು ಸಹೀಹುಲ್ ಬುಖಾರಿಯ ವರದಿಯೊಂದು ತಿಳಿಸುತ್ತದೆ. ಗಂಡಿಗೊಂದು, ಹೆಣ್ಣಿಗೊಂದು ಎಂಬ ಮಾತು ಅಲ್ಲಿಲ್ಲ.

ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿ ತಟ್ಟುವ ಹುಡುಗ ನಾಳಿನ ತಂದೆ. ಇಂದು ಅವನ ಕೈಯಿಂದ ಅದನ್ನು ಕಸಿದುಕೊಂಡು, ನಾಳೆ ಅವನಲ್ಲಿ ಮಮತೆಯಿಲ್ಲವೆಂದು ದೂರುವುದು ಯಾವ ನ್ಯಾಯ?